ಕನ್ಫರ್ಮ್ ಆದ ಹಿಮ

ಪ್ರವಾಸ ಹೋಗುವವರು ಬೇರೆ, ಪ್ರವಾಸ ಹೊರಡಿಸುವವರು ಬೇರೆ. ನಮ್ಮ ಭಾವ ಎರಡನೆಯ ಪಂಗಡ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ತಾಳೆ ಹಾಕಲು ಏನೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ, ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ ಯಾರೋ ಬಾಯಿತಪ್ಪಿ, "ಒಂದ್ಸಲ ಎಲ್ಲಾರೂ ಸೇರಿ ಹಿಮ ನೋಡ್ಕೊಂಡು ಬರ್ಬೇಕಪ್ಪಾ" ಎಂದುಬಿಟ್ಟರು. ನಾವು ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಭಾವ ಎಡಗೈಯಲ್ಲೇ ಫೋನ್ ಒತ್ತಿ 'ಮನಾಲಿ ಚಲೋ' ಎಂಬ ವಾಟ್ಸ್ಆ್ಯಪ್ ಗ್ರೂಪ್ ಮಾಡಿ, ಎಲ್ಲರ ಆಧಾರ್ ಕಾರ್ಡಿನ ಫೋಟೋ ಕೇಳಿಯಾಗಿತ್ತು.

ಮಿಕ್ಕವರಿಗೆ ಮನಾಲಿ ಎಂದರೆ ಬಿಯಾಸ್ ನದಿ, ದೇವದಾರು ಮರ, ಬೆಳ್ಳನೆಯ ಬೆಟ್ಟ. ಭಾವನಿಗೆ ಅದೊಂದು ಎಕ್ಸೆಲ್ ಶೀಟು. ಅದರಲ್ಲಿ ಹಿಮಕ್ಕೂ ಒಂದು ಸಾಲು ಮೀಸಲು: ಡಿಸೆಂಬರ್ 27, ಬೆಳಗ್ಗೆ 10.30ರಿಂದ 12.30, ಸೋಲಂಗ್ ಕಣಿವೆ. ಮನಾಲಿ ಪೇಟೆಯಲ್ಲಿ ಡಿಸೆಂಬರಿನಲ್ಲಿ ಹಿಮ ಬಿದ್ದರೆ ಅದು ನಮ್ಮ ಪುಣ್ಯ, ನಂಬಿಕೊಂಡು ಹೋಗುವುದಾದರೆ ಜನವರಿ, ಫೆಬ್ರವರಿಯೇ ವಾಸಿ ಎಂದು ಹೋಗಿಬಂದವರು ಹೇಳಿದರು. ಭಾವ ಒಪ್ಪಲಿಲ್ಲ. ಮಕ್ಕಳಿಗೆ ರಜೆ ಇರುವುದು ಕ್ರಿಸ್‌ಮಸ್ಸಿಗೆ, ಆದ್ದರಿಂದ ಹಿಮವೂ ಆಗಲೇ ಬೀಳತಕ್ಕದ್ದು. ಅದಕ್ಕೂ ಷರತ್ತುಗಳಿದ್ದವು. ಸೋಲಂಗಿನಲ್ಲಿ ಮೊಣಕಾಲುದ್ದ ಬೀಳಬೇಕು, ಅಲ್ಲಿಗೆ ಹೋಗುವ ರಸ್ತೆಯ ಮೇಲೆ ಮಾತ್ರ ಒಂದು ಚಮಚವೂ ಬೀಳಕೂಡದು.

ರೈಲ್ವೆಯವರು ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದು ಭಾವನಿಗೆ ಇವತ್ತಿಗೂ ಬೇಸರ. ಅರ್ಧಕ್ಕರ್ಧ ಸಂತೋಷ ಹೋಯಿತಂತೆ. ಉಳಿದರ್ಧವನ್ನು ಅವರು ಬಿಡಲಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿಯ ಬುಕಿಂಗ್ ತೆರೆಯುವ ದಿನ ಬೆಳಗ್ಗೆ 8 ಗಂಟೆಗೆ ಸ್ನಾನ ಮಾಡಿ, ಎರಡು ಫೋನು, ಒಂದು ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕೂತರು. ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿರಲಿಲ್ಲ.

ಟಿಕೆಟ್ ಆದ ಮೇಲೆ ಹವಾಮಾನದ ಕಡೆ ತಿರುಗಿದರು. ಉತ್ತರದ ಬೆಟ್ಟಗಳಿಗೆ ಚಳಿಗಾಲದ ಹಿಮ ತರುವ ಮಾರುತಗಳು ಹುಟ್ಟುವುದು ಎಲ್ಲೋ ದೂರದ ಮೆಡಿಟರೇನಿಯನ್ ಸಮುದ್ರದ ಕಡೆ. ಭಾವ ಅವನ್ನು ರಾತ್ರಿ ಬಸ್ಸಿನಲ್ಲಿ ಬರುತ್ತಿರುವ ನೆಂಟರ ಹಾಗೆ ವಿಚಾರಿಸಿಕೊಳ್ಳತೊಡಗಿದರು. "ಇರಾನ್ ದಾಟ್ತು." "ಅಫ್ಘಾನಿಸ್ತಾನದಲ್ಲಿ ಸ್ವಲ್ಪ ಲೇಟು." ಗ್ರೂಪಿನಲ್ಲಿ ದಿನಾ ಬೆಳಗ್ಗೆ ಇದೇ ಸುದ್ದಿ. ನಮ್ಮತ್ತೆ ಪ್ರತಿಯೊಂದಕ್ಕೂ ಕೈಮುಗಿಯುವ ಚಿಹ್ನೆ ಹಾಕುತ್ತಿದ್ದರು.

ಸಾಮಾನಿನ ಪಟ್ಟಿಯಲ್ಲಿ ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ, ತಲೆಗೊಂದರಂತೆ ಮಂಕಿ ಕ್ಯಾಪು ಇರುವುದು ಸಹಜ. ಕುಕ್ಕರ್ ಯಾಕೆ ಎಂದು ಅಕ್ಕ ಕೇಳಿದಳು.

"ಮನಾಲಿ ಎರಡು ಸಾವಿರ ಮೀಟರ್ ಮೇಲಿದೆ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ. ಬರೀ ಪಾತ್ರೇಲಿ ಬೇಳೆ ಬೇಯಲ್ಲ."

"ರೀ, ನಾವು ಹೋಗ್ತಿರೋದು ಹೋಟೆಲ್ಲಿಗೆ. ಅಲ್ಲೂ ನಾನೇ ಹುಳಿ ಮಾಡ್ಬೇಕಾ?"

"ಮಾಡ್ಬೇಕು ಅಂತಲ್ಲ. ಮಾಡೋ ಹಾಗಾದ್ರೆ ಅಂತ."

ಇಷ್ಟಕ್ಕೆಲ್ಲ ನಾವು ತಲೆಯಾಡಿಸಿದ್ದೆವು. ತಕರಾರು ಎದ್ದದ್ದು ಕೊನೆಯ ಸಾಲಿಗೆ. 'ಬಫರ್ ಡೇ' ಎಂದು ಒಂದು ದಿನವನ್ನು ಖಾಲಿ ಬಿಟ್ಟು, ಅದಕ್ಕೂ ರೂಮು ಹಿಡಿದಿದ್ದರು. ಸುಮ್ಮನೆ ಒಂದು ರಾತ್ರಿಯ ಬಾಡಿಗೆ ದಂಡ ಎಂದು ಎಲ್ಲರೂ ಗೊಣಗಿದೆವು. ಭಾವ ಕನ್ನಡಕ ಒರೆಸಿಕೊಂಡರೇ ಹೊರತು ಉತ್ತರ ಕೊಡಲಿಲ್ಲ.

27ನೇ ತಾರೀಕು, ಸೋಲಂಗ್. ದಾರಿಯುದ್ದಕ್ಕೂ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು. ಡ್ರೈವರ್ ತನಗೆ ಬೇಕಾದವರ ಅಂಗಡಿಯೆದುರೇ ನಿಲ್ಲಿಸಿದ. ನೇರಳೆ, ಕಿತ್ತಳೆ ಬಣ್ಣದ ದಪ್ಪ ಉಡುಪಿನೊಳಗೆ ತೂರಿಕೊಂಡು, ಹಿಂದಿನವರ ಬೆವರು ಆರದ ಬೂಟಿನಲ್ಲಿ ಕಾಲಿಟ್ಟು ಕಣಿವೆಗೆ ಇಳಿದರೆ ಕಂದು ಹುಲ್ಲು, ಅದರ ಮೇಲೆ ನಾಲ್ಕು ಕುದುರೆ. ಸೆಕೆಗೆ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡರು. ಭಾವ ಮಾತ್ರ 12.30ರವರೆಗೆ ಜಾಗ ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಅಟಲ್ ಸುರಂಗ. "9.02 ಕಿಲೋಮೀಟರ್. 2020ರ ಅಕ್ಟೋಬರ್ 3ಕ್ಕೆ ಉದ್ಘಾಟನೆ. ನಮ್ಮ ತಲೆ ಮೇಲೇ ಪೀರ್ ಪಂಜಾಲ್ ಶ್ರೇಣಿ..." ಸುರಂಗ ಮುಗಿದರೂ ವಿವರಣೆ ಮುಗಿಯಲಿಲ್ಲ. ಆಚೆ ಬದಿಯಲ್ಲಿ ಹಿಮ ಕಂಡಿತು, ನಿಜ. ಎದುರಿನ ಶಿಖರಗಳ ತುದಿಯಲ್ಲಿ, ಬೈನಾಕ್ಯುಲರಿಗೆ ಎಟುಕುವಷ್ಟು ದೂರದಲ್ಲಿ.

ಮರುದಿನ ಭೀಮನ ಹೆಂಡತಿ ಹಿಡಿಂಬೆಯ ಗುಡಿ. 1553ರಲ್ಲಿ ಕಟ್ಟಿದ ಮರದ ದೇಗುಲ, ಸುತ್ತ ದೇವದಾರು ತೋಪು. ಪ್ರದಕ್ಷಿಣೆ ಬರುತ್ತಿದ್ದಾಗ ಅಕ್ಕನ ಶಾಲಿನ ಮೇಲೆ ಏನೋ ಬೆಳ್ಳಗೆ ಬಿತ್ತು. ಕೊಡವುವಷ್ಟರಲ್ಲಿ ಇನ್ನೊಂದು. ಐದು ನಿಮಿಷಕ್ಕೆ ಆಕಾಶವೇ ಉದುರತೊಡಗಿತು. ಮಕ್ಕಳು ಕಿರುಚಿಕೊಂಡು ಓಡಿದರು, ಅತ್ತೆ ಬಾಯಿ ತೆರೆದು ನಾಲಿಗೆ ಚಾಚಿದರು. ಭಾವ ಶೀಟಿನ ಮೇಲೆ ಬೆರಳಿಟ್ಟುಕೊಂಡು ಗೊಂದಲದಲ್ಲಿ ನಿಂತಿದ್ದರು.

"ಇವತ್ತು ದೇವಸ್ಥಾನ ಕಣೇ. ಹಿಮ ನಿನ್ನೆ ಇದ್ದದ್ದು!"

ರಾತ್ರಿಯಿಡೀ ಬಿತ್ತು. ಫೋರ್ ಬೈ ಫೋರ್ ಗಾಡಿ ಬಿಟ್ಟು ಬೇರೇನನ್ನೂ ಪೊಲೀಸರು ಬಿಡುತ್ತಿಲ್ಲ, ನಾಳೆ ಹೊರಡುವ ಮಾತೇ ಇಲ್ಲ ಎಂದು ನಮ್ಮ ಟೆಂಪೋ ಟ್ರಾವೆಲರ್ ಡ್ರೈವರ್ ಹೇಳಿಹೋದ. ಊಟದ ಮೇಜಿನಲ್ಲಿ ಭಾವ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದರು. "ಬಫರ್ ಡೇ" ಎಂದಷ್ಟೇ ಹೇಳಿ ಇನ್ನೊಂದು ರೋಟಿ ಹಾಕಿಸಿಕೊಂಡರು. ಯಾರಿಗೂ ಉಸಿರೆತ್ತಲು ಬಾಯಿರಲಿಲ್ಲ. ಇರಲಿ, ಒಂದು ದಿನವಾದರೂ ರಜಾಯಿ ಹೊದ್ದು ಮನಸಾರೆ ಮಲಗಬಹುದಲ್ಲ ಎಂದುಕೊಂಡೆವು.

ಬೆಳಗ್ಗೆ 6ಕ್ಕೆ ಬಾಗಿಲು ದಬದಬ ಬಡಿಯಿತು. ಮಂಕಿ ಕ್ಯಾಪಿನೊಳಗಿಂದ ಭಾವನ ಎರಡು ಕಣ್ಣು.

"ಏಳಿ, ಏಳಿ. ಇವತ್ತು ಪೂರ್ತಿ ವಿಶ್ರಾಂತಿ. ಆರೂಕಾಲಿಗೆ ಶುರುವಾಗುತ್ತೆ."