ಭಂಡಾರದಾಗ ಹೊಳ್ಳಾಡಿದ ಹುಡುಗ

ಸವದತ್ತಿ ಎಲ್ಲಮ್ಮನ ಗುಡ್ಡದಾಗ ಭಾರತ ಹುಣ್ಣಿಮಿ ಜಾತ್ರಿ. ಪೀಪಿ ಬೇಕಂತ ನಾಕು ವರ್ಷದ ಹುಡುಗ ನಡುದಾರ್ಯಾಗ ಬಿದ್ದು ಹೊಳ್ಳಾಡಿದ. ರಾಮದುರ್ಗದ ಬಸ್ಸಿನ್ಯಾಗ ಆಗಿದ್ರ ಅವ್ವ ಸೆರಗಿನ ಮರಿಗೆ ಒಂದು ಚೂಟಿ ಮುಗಿಸ್ತಿದ್ಲು. ಚೂಟೂದು ನಮ್ಮ ಕಡೆ ಸದ್ದಿಲ್ಲದ ವಿದ್ಯೆ. ಇಲ್ಲಿ ಸಾವಿರ ಕಣ್ಣು. “ಮನಿಗಿ ನಡಿ, ತೋರಸ್ತೀನಿ” ಅಂದ್ಲು. ಮನಿ ಮುಟ್ಟೂತನಕ ಅವ್ವನ ಸಿಟ್ಟು ಬಾಳಿಕಿ ಬರೂದಿಲ್ಲಂತ ಹುಡುಗಗ ಗೊತ್ತು. ಕಡಿಗೆ ಕೈ ಎತ್ತಿದ್ಲು.

“ಕೂಸಿಗ್ಯಾಕ ಬಡೀತಿ ಯವ್ವಾ?” ಗುರುತಿಲ್ಲದ ಮುದುಕಿ ಗದರಿದ್ಲು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಾಸ್ತರರ ಬೆತ್ತ ಕಸಗೊಂಡೈತಿ. ಜಾತ್ರ್ಯಾಗ ಅವ್ವಂದಿರಿಗೆ ಇಂಥ ಮುದುಕ್ಯಾರ ಬಾಯೇ ಕಾಯ್ದೆ.

ಹುಡುಗ ಎದ್ದ. ಮೈತುಂಬ ಭಂಡಾರ, ಅಪ್ಪಟ ಹಳದಿ. ಹಿಂದಿನವರು “ಉಧೋ ಉಧೋ” ಅಂತ ಕೈಮುಗಿದ್ರು. ಎತ್ತಿದ ಕೈಯನ್ನ ಅವ್ವ ಹಂಗ ಹಣಿಗೆ ಹಚ್ಚಿಕೊಂಡ್ಲು. ಪೀಪಿ ಹತ್ತು ರೂಪಾಯಿಗೆ ಬಂತು.