ಡಬ್ಬಿಮೀಮಾಂಸೆ

ಅಡುಗೆಯ ಶಾಸ್ತ್ರಗ್ರಂಥಗಳಿಗೆ ನಮ್ಮಲ್ಲಿ ಬರವಿಲ್ಲ. 11ನೇ ಶತಮಾನದ ಎರಡನೇ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಗಿಡಗಳ ರೋಗ ಎಂದು ಲೋಕದ ಸಕಲ ಚಿಂತೆಗಳನ್ನೂ ಹಚ್ಚಿಕೊಂಡವನು ಅಡುಗೆಗೂ ಒಂದು ಅಧ್ಯಾಯ ಎತ್ತಿಟ್ಟ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ರಾಜ್ಯಭಾರದ ನಡುವೆ ಬಿಡುವು ಮಾಡಿಕೊಂಡು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿ, ದೋಸೆಗಳ ಪೂರ್ವಜರನ್ನು ದಾಖಲಿಸಿದ. ಮೂರನೇ ಮಂಗರಸನಂತೂ 16ನೇ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಆದರೆ ಬೆಳಿಗ್ಗೆ ಏಳೂವರೆಗೆ ಮುಚ್ಚಿದ ಅನ್ನ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಯಾವ ಸ್ಥಿತಿಯಲ್ಲಿರುತ್ತದೆ, ಅದನ್ನು ಹದಿನಾಲ್ಕು ವರ್ಷದ ಹುಡುಗನೊಬ್ಬ ತಿನ್ನುತ್ತಾನೋ ಇಲ್ಲವೋ ಎಂಬ ಮೂಲಭೂತ ಪ್ರಶ್ನೆಯನ್ನು ಈ ಮೂವರೂ ಮುಟ್ಟಲಿಲ್ಲ. ಮೂವರ ಮನೆಯಲ್ಲೂ ಒಂಬತ್ತನೇ ಕ್ಲಾಸಿನ ಮಕ್ಕಳಿರಲಿಲ್ಲವೆಂದು ಇದರಿಂದ ಊಹಿಸಬೇಕು. ಆ ಲೋಪವನ್ನು ತುಂಬುವ ಭಾರ ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ.

ಮೊದಲಿಗೆ ವ್ಯಾಪ್ತಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಈ ಶಾಸ್ತ್ರದ ಹೊರಗೆ. 2002ರಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ಹತ್ತನೇ ತರಗತಿಯವರೆಗೂ ಹಬ್ಬಿದ್ದರಿಂದ ಅಲ್ಲಿ ತಟ್ಟೆಗೆ ಬಿಸಿಯೂಟವೇ ಬೀಳುತ್ತದೆ. ಅಲ್ಲಿನದು ಸಾಲು ಮತ್ತು ಸಾರಿನ ಸಮಸ್ಯೆ, ಡಬ್ಬಿಯದಲ್ಲ. ಏಳನೇ ತರಗತಿಯೊಳಗಿನವರೂ ಹೊರಗೆ. ಅವರು ಇನ್ನೂ ಅಮ್ಮ ಹೇಳಿದ್ದನ್ನು ನಂಬುವವರಾದ್ದರಿಂದ ಅವರಿಂದ ಶಾಸ್ತ್ರ ಹುಟ್ಟುವುದಿಲ್ಲ. ಉಳಿದದ್ದು ಎಂಟರಿಂದ ಹತ್ತು: ಮೀಸೆ ಇನ್ನೂ ಬಂದಿರದ, ಅಭಿಪ್ರಾಯ ಮಾತ್ರ ಪೂರ್ತಿ ಬಂದಿರುವ ವಯಸ್ಸು.

ಇತಿಹಾಸ ಪ್ರಕರಣ

ಬುತ್ತಿಯ ಆದಿಪುರುಷ ಕುಚೇಲ. ಅವನ ಅವಲಕ್ಕಿ ಗಂಟಿನ ಲಕ್ಷಣಗಳನ್ನು ಗಮನಿಸಿ. ಕಟ್ಟಿಕೊಟ್ಟವಳು ಮನೆಯ ಹೆಂಗಸು. ಹೊತ್ತವನು ನಾಲ್ಕು ಜನರ ಎದುರು ಅದನ್ನು ತೋರಿಸಲು ನಾಚಿ ಬಗಲಲ್ಲಿ ಮುಚ್ಚಿಟ್ಟುಕೊಂಡ. ಕೊನೆಗೆ ತಿಂದವನು ಹೊತ್ತವನಲ್ಲ, ಕಿತ್ತುಕೊಂಡ ಗೆಳೆಯ. ಈ ಮೂರೂ ಇಂದಿನ ಹೈಸ್ಕೂಲಿನ ಡಬ್ಬಿಯಲ್ಲಿ ಚಾಚೂ ತಪ್ಪದೆ ಉಳಿದುಬಂದಿವೆ. ಸಂಜೆ ಮನೆಗೆ ಮರಳುವಾಗ ಗುಡಿಸಲಿದ್ದ ಜಾಗದಲ್ಲಿ ಅರಮನೆ ಎದ್ದಿರುವುದು ಎಂಬ ನಾಲ್ಕನೆಯ ಲಕ್ಷಣ ಮಾತ್ರ ಕಾಲಕ್ರಮದಲ್ಲಿ ಬಿದ್ದುಹೋಗಿದೆ.

ಶಾಸನಗಳ ಆಧಾರವೂ ಉಂಟು. 1886ರಿಂದ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿಗಾಗಿ ರೈಸ್ ಸಾಹೇಬರು ಹಳೇ ಮೈಸೂರಿನ ಊರೂರಿನ ಕಲ್ಲು, ತಾಮ್ರ ಎಲ್ಲವನ್ನೂ ಓದಿಸಿದರು, ಸ್ಟೀಲನ್ನು ಓದಿಸುವ ಭಾಗ್ಯ ಅವರಿಗಿರಲಿಲ್ಲ. ಪಾತ್ರೆ ಅಂಗಡಿಯ ಮಿಷನ್ನು ಗರ್ರ್ ಎಂದು ಚುಕ್ಕಿಚುಕ್ಕಿಯಾಗಿ ಕೊರೆದ ಬರಹ ಪ್ರತಿ ಮನೆಯ ಡಬ್ಬಿಯ ಮೇಲೂ ಇದೆ. ಪ್ರಸ್ತುತ ಲೇಖಕನ ಮಗ ಒಯ್ಯುವ ಡಬ್ಬಿಯ ಪಾಠ ಹೀಗಿದೆ: ‘ಗೃಹಪ್ರವೇಶದ ಸವಿನೆನಪಿಗೆ, ಚಿಕ್ಕಪ್ಪ ಚಿಕ್ಕಮ್ಮನವರಿಂದ’. ಯಾವ ಮನೆ, ಯಾರ ಚಿಕ್ಕಪ್ಪ ಎಂಬ ಬಗ್ಗೆ ಬಂಧುಗಳಲ್ಲೇ ಒಮ್ಮತವಿಲ್ಲ. ಹುಡುಗ ಬರಹದ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟು ಉಣ್ಣುತ್ತಿದ್ದನಂತೆ. ಆದರೂ ಯಾರೋ ಓದಿಬಿಟ್ಟರು. ಈಗ ಕ್ಲಾಸಿನಲ್ಲಿ ಅವನ ಹೆಸರು ‘ಗೃಹಪ್ರವೇಶ’.

ಮುಚ್ಚಳ ಪ್ರಕರಣ

ಸೂತ್ರ: ಬಿಸಿ ಅನ್ನ ಕಟ್ಟಿದರೆ ಮುಚ್ಚಳ ತೆರೆಯದು, ಆರಿಸಿ ಕಟ್ಟಿದರೆ ವ್ಯಾನು ನಿಲ್ಲದು.

ಭಾಷ್ಯ: ಹಬೆಯಾಡುವ ಬಿಸಿಬೇಳೆ ಬಾತನ್ನು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಾಗ ಒಳಗೆ ಗಾಳಿಯ ಬದಲು ಬಹುಪಾಲು ಆವಿಯೇ ನಿಂತಿರುತ್ತದೆ. ಪ್ರಾರ್ಥನೆ, ಗಣಿತ, ಕನ್ನಡ ಮುಗಿಯುವಷ್ಟರಲ್ಲಿ ಆವಿ ತಣಿದು ಹನಿಯಾಗಿ ಮುಚ್ಚಳದ ಒಳಮೈಗೆ ಕೂರುತ್ತದೆ. ಒಳಗಿನ ಒತ್ತಡ ಕುಸಿಯುತ್ತದೆ. ಹೊರಗಿನ ವಾಯುಮಂಡಲ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಈ ಸಾಂದ್ರೀಕರಣದ ಪಾಠ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಎರಡು ಅಂಕದ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದು ಪೂರ್ತಿ ಅಂಕ ಪಡೆದ ವಿದ್ಯಾರ್ಥಿಯೇ ಮಧ್ಯಾಹ್ನ ಡಬ್ಬಿಯನ್ನು ಡೆಸ್ಕಿನ ಅಂಚಿಗೆ ಕುಟ್ಟುತ್ತಿರುತ್ತಾನೆ. ಕುಟ್ಟುವುದು, ಮಂಡಿಗಳ ನಡುವೆ ಇರುಕಿ ತಿರುಚುವುದು, ಕ್ಲಾಸಿನ ದಾಂಡಿಗನಿಗೆ ಕೊಟ್ಟು ಕಾಲುಭಾಗ ಕಪ್ಪ ಒಪ್ಪಿಸುವುದು ಇವೆಲ್ಲ ಲೋಕರೂಢಿ. ಜಾಮಿಟ್ರಿ ಬಾಕ್ಸಿನ ಕೈವಾರದ ಮೊನೆಯನ್ನು ಸಂದಿಗೆ ತೂರಿಸಿ ಪುಸ್ ಎಂದು ಗಾಳಿ ಬಿಡುವುದೊಂದೇ ಶಾಸ್ತ್ರೀಯ ವಿಧಾನ. ರೇಖಾಗಣಿತದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಮೊಸರನ್ನದ್ದು ಇನ್ನೂ ಸೂಕ್ಷ್ಮ. ಡಬ್ಬಿಯ ಮೊಸರನ್ನವನ್ನು ಮೊಸರಿನಲ್ಲೇ ಕಲಸುವುದು ಅನುಭವವಿಲ್ಲದವರ ಲಕ್ಷಣ. ಮಧ್ಯಾಹ್ನಕ್ಕೆ ಅದು ಹಲ್ಲು ಚುರುಗುಡುವಷ್ಟು ಹುಳಿ. ಪಳಗಿದ ಕೈ ಅನ್ನವನ್ನು ಚೆನ್ನಾಗಿ ಮಿದ್ದು, ಉಗುರುಬೆಚ್ಚಗಿನ ಹಾಲು ಸುರಿದು, ಹೆಪ್ಪಿಗೆಂದು ಒಂದೇ ಚಮಚ ಮೊಸರು ಬಿಡುತ್ತದೆ. ಉಳಿದ ಕೆಲಸ ಬ್ಯಾಗಿನೊಳಗೆ ನಡೆಯುತ್ತದೆ. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಹುಡುಗ ತೂಕಡಿಸಿದರೂ ಬ್ಯಾಕ್ಟೀರಿಯಾ ತೂಕಡಿಸುವುದಿಲ್ಲ. ಡಿಸೆಂಬರಿನ ಮೈಸೂರಿನಲ್ಲಿ ಚಮಚ ತುಂಬ, ಮಾರ್ಚಿನಲ್ಲಿ ಅರ್ಧ, ಬ್ಯಾಗು ಕಿಟಕಿ ಪಕ್ಕದ ಬಿಸಿಲಿಗೆ ಬೀಳುವ ಬೆಂಚಾದರೆ ಬರೀ ಚಮಚದ ತುದಿ. ಈ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಬೆಳಗಿನ ಅರೆನಿದ್ದೆಯಲ್ಲಿ ಕ್ಲಾಸಿನ ಟೈಮ್‌ಟೇಬಲ್ಲು, ಋತುಮಾನ, ಬೆಂಚಿನ ದಿಕ್ಕು ಮೂರನ್ನೂ ಗುಣಿಸುವ ಈ ಹೆಂಗಸರನ್ನು ಮನೆಯವರು ‘ಅವಳಿಗೆ ಲೆಕ್ಕ ಬರಲ್ಲ’ ಎನ್ನುತ್ತಾರೆ.

ಉತ್ತರ ಕರ್ನಾಟಕದವರು ಈ ತಾಪತ್ರಯವನ್ನೆಲ್ಲ ಎಂದೋ ದಾಟಿದ್ದಾರೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ: ಸೋರದು, ಹುಳಿಯದು, ವಾರವಾದರೂ ಕೆಡದು. ದೋಷ ಒಂದೇ, ಸದ್ದು. ಟೀಚರ್ ಬೋರ್ಡಿಗೆ ತಿರುಗಿದಾಗ ಕದ್ದು ತಿನ್ನಲು ಇದಕ್ಕಿಂತ ಅಯೋಗ್ಯವಾದ ಪದಾರ್ಥ ಮತ್ತೊಂದಿಲ್ಲ.

ವಹನ ಪ್ರಕರಣ

2019ರ ಸರ್ಕಾರಿ ಸುತ್ತೋಲೆ 9 ಮತ್ತು 10ನೇ ತರಗತಿಯವರ ಬ್ಯಾಗಿಗೆ 4ರಿಂದ 5 ಕಿಲೋ ಎಂಬ ಮಿತಿ ಹಾಕಿದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಮೇಲೆ ಡಬ್ಬಿ, ಅದರೊಳಗೆ ‘ಬೆಳೆಯೋ ಹುಡುಗ’ ಎಂಬ ಕಾರಣಕ್ಕೆ ಒತ್ತಿ ತುಂಬಿದ ಅನ್ನ. ಸುತ್ತೋಲೆಗೆ ನಿಷ್ಠರಾದ ಮಕ್ಕಳು ಉಪಾಯ ಕಂಡುಕೊಂಡಿದ್ದಾರೆ: ಡಬ್ಬಿಯನ್ನು ಷೂ ಸ್ಟ್ಯಾಂಡಿನ ಮೇಲೆ ಬಿಟ್ಟುಹೋಗುವುದು. ಆಗ ವಹನದ ಹೊಣೆ ಅಪ್ಪನದು. ಶಾಲೆಯ ಗೇಟಿನ ಪಕ್ಕ ವಾಚ್‌ಮನ್ ಕೋಣೆಯ ಕಿಟಕಿಕಟ್ಟೆಯ ಮೇಲೆ ಹನ್ನೊಂದು ಗಂಟೆಗೆ ಮರೆತ ಡಬ್ಬಿಗಳ ಸಾಲು ನಿಂತಿರುತ್ತದೆ. ಸ್ಕೂಟರಿನಲ್ಲಿ ಬಂದ ಅಪ್ಪಂದಿರು ಹೆಲ್ಮೆಟ್ ತೆಗೆಯದೆ ಹೆಸರು, ಸೆಕ್ಷನ್ ಒಪ್ಪಿಸುತ್ತಾರೆ. ‘ಒಳಗೆ ಬರಬೇಡಪ್ಪಾ, ಗೇಟಲ್ಲೇ ಕೊಟ್ಟು ಹೋಗು’ ಎಂದು ಮಗ ಮೊದಲೇ ತಾಕೀತು ಮಾಡಿರುತ್ತಾನೆ.

ಊಟದ ಬೆಲ್ ಆದಮೇಲೆ ನಡೆಯುವ ವಿನಿಮಯಕ್ಕೆ ಕರೆನ್ಸಿ ಬೇಕಿಲ್ಲ. ಪೂರಿಗೆ ಚಪಾತಿಯ ಮೇಲೆ ಯಾವಾಗಲೂ ಬೆಲೆ ಜಾಸ್ತಿ. ಉಪ್ಪಿಟ್ಟನ್ನು ಯಾರೂ ಕೊಳ್ಳುವುದಿಲ್ಲ, ಒಯ್ದವನ ಮೇಲೆ ಕನಿಕರ ತೋರುತ್ತಾರೆ. ಶಾಲೆಯಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂದು 2021ರ ಕೊನೆಯಲ್ಲಿ ಹಿರಿಯರು ವೇದಿಕೆ ಹತ್ತಿ ಕಾದಾಡಿದರು. ಹಿಂದಿನ ಬೆಂಚಿನಲ್ಲಿ ಈ ವಿವಾದ ಅರ್ಧ ಮೊಟ್ಟೆಗೆ ಎರಡು ಹೋಳಿಗೆ ಎಂಬ ದರದಲ್ಲಿ ಇತ್ಯರ್ಥವಾಗಿ ಬಹಳ ಕಾಲವಾಗಿದೆ. ಅಮ್ಮಂದಿರಿಗೆ ತಿಳಿಸುವ ಪದ್ಧತಿ ಇಲ್ಲ.

ಪ್ರಮಾಣ ಪ್ರಕರಣ

ಶಾಸ್ತ್ರದ ತಿರುಳು ಇಲ್ಲಿದೆ. ಡಬ್ಬಿ ಖಾಲಿಯಾಗಿ ಮನೆಗೆ ಬಂದಿದೆ. ಹುಡುಗ ಉಂಡನೇ? ತಾಯಿ ಅಲ್ಲಿರಲಿಲ್ಲವಾದ್ದರಿಂದ ಪ್ರತ್ಯಕ್ಷಕ್ಕೆ ಎಡೆಯಿಲ್ಲ. ನಮ್ಮ ತಾರ್ಕಿಕರು ಗುಡ್ಡದ ಹೊಗೆ ನೋಡಿ ಬೆಂಕಿಯನ್ನು ಸಾಧಿಸಿದ ಐದು ಮೆಟ್ಟಿಲುಗಳನ್ನೇ ಅವಳೂ ಹತ್ತುತ್ತಾಳೆ. ಪ್ರತಿಜ್ಞೆ: ಮಗ ಉಂಡಿದ್ದಾನೆ. ಹೇತು: ಡಬ್ಬಿ ಖಾಲಿ ಇರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಖಾಲಿ ಡಬ್ಬಿಯೋ ಅಲ್ಲಲ್ಲಿ ಊಟವಾಗಿರುತ್ತದೆ, ಇವನ ಅಪ್ಪನ ಆಫೀಸಿನ ಡಬ್ಬಿಯಂತೆ. ಉಪನಯ: ಇವನದೂ ಹಾಗೆಯೇ ಖಾಲಿ. ನಿಗಮನ: ಆದ್ದರಿಂದ ಉಂಡಿದ್ದಾನೆ. ಈ ಉದಾಹರಣೆಯನ್ನು ಹೆಚ್ಚು ಕೆದಕಬಾರದೆಂದು ಪ್ರಸ್ತುತ ಲೇಖಕನ ವಿನಂತಿ. ಆಫೀಸಿನ ಎದುರಿಗೊಂದು ದರ್ಶಿನಿ ಇದೆ.

ಪೂರ್ವಪಕ್ಷದವರು ಹೇತುವನ್ನೇ ಹಿಡಿದು ಅಲುಗಿಸುತ್ತಾರೆ. ಖಾಲಿತನ ಊಟದಿಂದಲೇ ಬರಬೇಕೆಂದಿಲ್ಲ. ಗೆಳೆಯರಿಂದ ಬರಬಹುದು, ಕಸದ ಬುಟ್ಟಿಯಿಂದ ಬರಬಹುದು, ಗೇಟಿನ ಹೊರಗಿನ ನಾಯಿಯಿಂದಲೂ ಬರಬಹುದು. ಆಗ ತಾಯಿ ಶಬ್ದಪ್ರಮಾಣಕ್ಕೆ ಹೊರಳುತ್ತಾಳೆ.

‘ಊಟ ಮಾಡಿದ್ಯೇನೋ?’

‘ಹೂಂ.’

‘ಏನಿತ್ತು?’

‘ನೀನೇ ತಾನೇ ಕಟ್ಟಿದ್ದು?’

‘ನಾನು ಏನು ಕಟ್ಟಿದ್ದೆ ಅಂತ ಹೇಳು ನೋಡೋಣ.’

‘ಅಮ್ಮಾ, ನಾಳೆ ಟೆಸ್ಟಿದೆ.’

ಆಪ್ತನ ಮಾತು ಮಾತ್ರ ಶಬ್ದಪ್ರಮಾಣ ಎಂದು ಶಾಸ್ತ್ರ ಏಕೆ ಒತ್ತಿ ಹೇಳಿತು ಎಂಬುದು ಈಗ ಸ್ಪಷ್ಟ. ಡಬ್ಬಿಯೇ ಮನೆಗೆ ಬಾರದಿದ್ದರೆ ಅದು ಅನುಪಲಬ್ಧಿ. ಮುಚ್ಚಳ ಮಾತ್ರ ಬಾರದಿದ್ದರೆ ಅದಕ್ಕೆ ಮೀಮಾಂಸಕರಲ್ಲೂ ಹೆಸರಿಲ್ಲ. ಇನ್ನು ಶುಕ್ರವಾರದ ಡಬ್ಬಿ ಬ್ಯಾಗಿನ ತಳದಿಂದ ಸೋಮವಾರ ಉತ್ಖನನಗೊಳ್ಳುವ ಪ್ರಸಂಗ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ಗಾದೆ ಕೇಳುತ್ತದಲ್ಲ, ನಮ್ಮ ಮನೆಯ ಮಟ್ಟಿಗೆ ಮೂರು ದಿನ. ಆಮೇಲೆ ಅದು ತಾನೇ ಎದ್ದು ಬರುತ್ತದೆ.

ಹಾಗಾದರೆ ಸಿದ್ಧಾಂತವೇನು? ಪ್ರಸ್ತುತ ಲೇಖಕನ ಮನೆಯಲ್ಲಿ ಹೊಳೆದದ್ದನ್ನು ‘ಕರಿಬೇವು ಪ್ರಮಾಣ’ ಎಂದು ಕರೆಯಬಹುದು. ಚಿತ್ರಾನ್ನವನ್ನು ನಿಜವಾಗಿ ಉಂಡವನು ಕರಿಬೇವಿನ ಎಲೆಗಳನ್ನೂ ಹಸಿಮೆಣಸಿನಕಾಯಿಯನ್ನೂ ಆರಿಸಿ ಡಬ್ಬಿಯ ಅಂಚಿಗೆ ಸರಿಸಿರುತ್ತಾನೆ. ಅಲ್ಲೇ ನಾಲ್ಕು ಸಾಸಿವೆ, ಅರಿಸಿನದ ಎಣ್ಣೆಯ ಗೆರೆ, ಕಚ್ಚಿ ಉಗಿದ ಒಂದು ಕಡಲೆಬೇಳೆ. ಚೆಲ್ಲಿದವನು ಇಷ್ಟು ವಿವೇಚನೆ ಮಾಡುವುದಿಲ್ಲ, ಕರಿಬೇವನ್ನೂ ಸೇರಿಸಿಯೇ ಬಗ್ಗಿಸುತ್ತಾನೆ. ಆದ್ದರಿಂದ ಕರಿಬೇವು ಉಳಿದಿದ್ದರೆ ಊಟ, ಇಲ್ಲದಿದ್ದರೆ ವಿಚಾರಣೆ. ಇದಕ್ಕೊಂದು ಉಪಸೂತ್ರವಿದೆ: ಡಬ್ಬಿ ತೊಳೆದು ಬಂದಿದ್ದರೆ ಅಪರಾಧ ಖಚಿತ. ಉಂಡ ತಟ್ಟೆಯನ್ನು ಸಿಂಕಿನವರೆಗೆ ಒಯ್ಯದವನು ಶಾಲೆಯ ನಲ್ಲಿಯಲ್ಲಿ ಡಬ್ಬಿ ಗಲಬರಿಸಿದನೆಂದರೆ ಯಾರು ನಂಬುತ್ತಾರೆ?

ಈ ಪ್ರಮಾಣ ಬಹಳ ದಿನ ಬಾಳಿತು. ಊಟದ ಹೊತ್ತಿನಲ್ಲಿ ಇದನ್ನು ವಿಸ್ತಾರವಾಗಿ ವಿವರಿಸುತ್ತಿದ್ದಾಗ ಪ್ರತಿವಾದಿ ಎದುರಿಗೇ ಕೂತು ಕೇಳಿಸಿಕೊಳ್ಳುತ್ತಿದ್ದುದೊಂದೇ ಲೋಪ. ಮರುದಿನ ಸಂಜೆ ಡಬ್ಬಿ ತಾನಾಗಿಯೇ ಅಡುಗೆಮನೆ ಕಟ್ಟೆಗೆ ಬಂತು, ಮುಚ್ಚಳ ತೆರೆದು. ಒಳಗೆ ಅಂಚಿಗೆ ಅಂಟಿದ ಎರಡು ಕರಿಬೇವಿನ ಎಲೆ. ಹುಡುಗ ಪಕ್ಕದಲ್ಲೇ ನಿಂತಿದ್ದ, ಅಂಕಪಟ್ಟಿ ತೋರಿಸುವವನಂತೆ.

ತಾಯಿ ಒಂದು ಎಲೆ ಎತ್ತಿ ಮೂಸಿದಳು. ‘ಪುಳಿಯೋಗರೆ’ ಎಂದಳು. ‘ಎಳ್ಳೂ ಹಾಕಿದಾರೆ. ಯಾರ ಮನೇದೋ ಇದು? ನಾನು ಇವತ್ತು ನಿಂಗೆ ಕಟ್ಟಿದ್ದು ಚಪಾತಿ-ಜಾಮು.’