ಪ್ಲೇಟು ಭಾವ

ಬಿಳಿಗೆರೆ ಸೀಮೆಯಲ್ಲಿ ಇಬ್ಬರು ಗಂಡಸರು ಎದುರಾದರೆ ಮೊದಲು ಬರುವ ಮಾತು ಕೊಬ್ಬರಿ ರೇಟು. ತಿಪಟೂರು ಮಾರುಕಟ್ಟೆಯಲ್ಲಿ ಹರಾಜು ನಡೆದ ದಿನ ಸಾವಿನ ಮನೆಗೆ ಬಂದವರೂ ಪಕ್ಕದವರ ಕಿವಿಗೆ ಬಾಯಿಟ್ಟು ‘ಎಷ್ಟಾಯ್ತಂತೆ?’ ಎಂದು ವಿಚಾರಿಸಿಕೊಂಡೇ ಹೆಣದ ಮುಂದೆ ಕೂರುವುದು. ಇಂಥ ಊರಿನಲ್ಲಿ ಒಬ್ಬರು ಮಾತ್ರ ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರ ತೋಳು ಹಿಡಿದು, ‘ಈಗೇನಪ್ಪಾ ಕೇಳ್ತಾ ಇದೀಯ?’ ಅನ್ನುತ್ತಾರೆ. ಪಕ್ಕದೂರಿನ ಹೊಸಬನೊಬ್ಬ ‘ಕ್ವಿಂಟಲ್ಲಿಗೆ ಇನ್ನೈನೂರು ಜಾಸ್ತಿ ಕೇಳ್ತಾ ಇದೀನಿ, ಮಂಡಿಯವರು ಬಗ್ತಾ ಇಲ್ಲ’ ಎಂದು ಇದ್ದದ್ದನ್ನೇ ಹೇಳಿ ಅವರಿಗೆ ಬಹಳ ಬೇಸರ ಮಾಡಿದ್ದ.

ಅವರು ವಿಚಾರಿಸಿದ್ದು ಗ್ರಾಮಫೋನು ಪ್ಲೇಟಿನ ವಿಷಯ. ಅದರಲ್ಲೂ ಅಮೆರಿಕದ ಜಾಝ್. ನಿಜ ಹೇಳಬೇಕೆಂದರೆ ಉತ್ತರವೂ ಅವರಿಗೆ ಬೇಕಿಲ್ಲ. ‘ನೀವೇನು ಕೇಳ್ತಾ ಇದೀರಿ ಭಾವ?’ ಎಂದು ನೀವು ತಿರುಗಿ ಕೇಳಬೇಕು. ಕೇಳಿದಿರೋ, ಆವತ್ತಿನ ಬಸ್ಸು ತಪ್ಪಿತು.

ಊರಿನ ಲೆಕ್ಕದಲ್ಲಿ ನನಗೆ ಭಾವ, ಊರಿನವರ ಬಾಯಲ್ಲಿ ಪ್ಲೇಟು ಭಾವ. ಬ್ಯಾಂಕಿನಲ್ಲಿದ್ದವರು. ಬೊಂಬಾಯಿಗೆ ವರ್ಗವಾದಾಗ ಜೊತೆಯವರೆಲ್ಲ ಕನ್ನಡ ಸಂಘ, ಉಡುಪಿ ಹೋಟೆಲು ಹುಡುಕಿಕೊಂಡರೆ ಇವರು ಬಾಡಿಗೆ ಕೋಣೆಯ ಪಕ್ಕದಲ್ಲಿದ್ದ ಗೋವಾದವನಿಂದ ಸ್ಯಾಕ್ಸಫೋನಿನ ಹುಚ್ಚು ಹತ್ತಿಸಿಕೊಂಡರು. 1978ರಲ್ಲಿ ಆ ಊರಿನಲ್ಲಿ ‘ಜಾಝ್ ಯಾತ್ರಾ’ ಅಂತ ಉತ್ಸವ ಶುರುವಾಯಿತು. ಭಾವ ಅದಕ್ಕೆ ಹೋಗಿದ್ದನ್ನು ಇವತ್ತಿಗೂ ಯಾತ್ರೆಗೆ ಹೋಗಿಬಂದೆ ಅಂತಲೇ ಹೇಳುವುದು. ಯಾತ್ರೆಗೆ ಹೋದವರು ಊರಿಗೆಲ್ಲ ತೀರ್ಥ ಹಂಚಬೇಕಲ್ಲ, ಇವರು ಪ್ಲೇಟು ಹಂಚುತ್ತಾರೆ.

ನಿವೃತ್ತಿಯಾದ ಮೇಲೆ ಅಪ್ಪನ ತೋಟ ನೋಡಿಕೊಳ್ಳಲು ಬಂದರು. ಮನೆಯ ಅಟ್ಟದ ಮೇಲೆ ತೆಂಗಿನಕಾಯಿ, ಕೆಳಗಿನ ಕೋಣೆಯಲ್ಲಿ ರೆಕಾರ್ಡು. ಮೇಲಿನ ಕಾಯಿಯನ್ನು ಹನ್ನೊಂದು ಹನ್ನೆರಡು ತಿಂಗಳು ಮುಟ್ಟದೆ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಕೆಳಗಿನ ರೆಕಾರ್ಡನ್ನು ಹನ್ನೊಂದು ದಿನ ಮುಟ್ಟದೆ ಬಿಟ್ಟರೆ ಭಾವ ಒಣಗುತ್ತಾರೆ.

ಅವರ ಮನೆಯಲ್ಲಿ ಕೇಳಲು ಕೂರುವುದಕ್ಕೆ ಕಟ್ಟಳೆಗಳಿವೆ. ಕೈ ತೊಳೆದು ಒರೆಸಿಕೊಂಡು ಬರಬೇಕು. ಫ್ಯಾನು ಆರಿಸಬೇಕು, ಧೂಳು ಏಳುತ್ತದೆ. ಅಕ್ಕ ತಟ್ಟೆ ತುಂಬ ಚಕ್ಕುಲಿ ತಂದಿಟ್ಟಿರುತ್ತಾರೆ, ಆದರೆ ಒಂದು ಮಗ್ಗುಲು ಮುಗಿಯುವ ತನಕ ಕಡಿಯುವಂತಿಲ್ಲ, ಎಲ್.ಪಿ.ಯ ಒಂದು ಮಗ್ಗುಲು ಎಂದರೆ ಇಪ್ಪತ್ತು ನಿಮಿಷ. ಭಾವ ರೆಕಾರ್ಡನ್ನು ಅಂಗೈ ತಗುಲದಂತೆ ಅಂಚಿನಲ್ಲಿ ಹಿಡಿದು, ಮೆತ್ತನೆಯ ಕುಂಚದಿಂದ ಒರೆಸಿ, ಟಾರ್ಚ್ ಬಿಟ್ಟು ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗೀರಿರುವ ಅಕ್ಷರಗಳನ್ನು ಓದುತ್ತಾರೆ. ಯಾವ ಇಂಜಿನಿಯರು ಅಚ್ಚು ಕೊರೆದ, ಎಷ್ಟನೆಯ ಅಚ್ಚು, ಎಲ್ಲವೂ ಅಲ್ಲಿ ಇರುತ್ತದಂತೆ. ಪಹಣಿಯಲ್ಲಿ ಸರ್ವೆ ನಂಬರನ್ನು ಇಷ್ಟು ಶ್ರದ್ಧೆಯಿಂದ ನೋಡಿದ್ದರೆ ಅವರ ಮೂಡಲ ಬದುವಿನ ವ್ಯಾಜ್ಯ ಎಂದೋ ಮುಗಿದಿರುತ್ತಿತ್ತು ಎನ್ನುವುದು ಅಕ್ಕನ ಅಭಿಪ್ರಾಯ.

ಮುಳ್ಳು ಇಳಿಸಿದ ಮೇಲೆ ಅವರು ರೆಕಾರ್ಡ್ ಕೇಳುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ. ಚೆನ್ನಾದ ಜಾಗ ಬರುವುದಕ್ಕೆ ಕೊಂಚ ಮುಂಚೆ ಅವರ ಹುಬ್ಬು ಮೇಲೇರುತ್ತದೆ, ತೋರುಬೆರಳು ಗಾಳಿಯಲ್ಲಿ ನಿಲ್ಲುತ್ತದೆ. ಆಗ ನಿಮ್ಮ ಮುಖದಲ್ಲಿ ಏನಾದರೂ ಆಗಲೇಬೇಕು. ನನ್ನ ಸಂಗೀತಜ್ಞಾನ ಮಂಗಳಾರತಿಯ ಹೊತ್ತಿಗೆ ಎದ್ದು ನಿಲ್ಲುವಷ್ಟು. ಕಣ್ಣು ಮುಚ್ಚಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ ಎಂದು ಕಂಡುಕೊಂಡಿದ್ದೇನೆ, ಆದರೆ ಮಧ್ಯಾಹ್ನ ಮುದ್ದೆ ಉಂಡು ಹೋದ ದಿನ ಅದರಲ್ಲಿಯೂ ಅಪಾಯವಿದೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ವಿನ ಕತೆ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡದ ಸ್ಟುಡಿಯೋದಲ್ಲಿ, ಅದರ ಮೊದಲ ಮಗ್ಗುಲಿನ ಮೂರು ತುಣುಕು ರೆಕಾರ್ಡಾದವು. ಆವತ್ತು ಟೇಪ್ ಯಂತ್ರ ಕೂದಲೆಳೆಯಷ್ಟು ನಿಧಾನವಾಗಿ ಓಡಿತು. ತುಂಬಿಕೊಳ್ಳುವಾಗ ನಿಧಾನವಾದರೆ ನುಡಿಸುವಾಗ ಬೇಗವಾಗುತ್ತದೆ, ಶ್ರುತಿಯೂ ಏರುತ್ತದೆ. ಜಗತ್ತೆಲ್ಲ ಮೂವತ್ತು ವರ್ಷ ಹಾಗೇ ಕೇಳಿಕೊಂಡು ತಲೆದೂಗಿತು. 1990ರ ದಶಕದಲ್ಲಿ ಯಾರೋ ಪುಣ್ಯಾತ್ಮರು ಇನ್ನೊಂದು ಯಂತ್ರದ ಟೇಪು ಹಿಡಿದು ಸರಿಪಡಿಸಿದರು. ಭಾವನ ಹತ್ತಿರ ಎರಡೂ ಇವೆ. ಆ ಕಾರಣಕ್ಕೆ, ಮನೆಗೆ ಬಂದವರೆಲ್ಲ ಎರಡನ್ನೂ ಕೇಳಬೇಕು. ಮೊದಲು ಏರಿದ್ದು, ಆಮೇಲೆ ಇಳಿದದ್ದು. ತುಣುಕು ಒಂಬತ್ತು ನಿಮಿಷ. ‘ಗೊತ್ತಾಯ್ತಾ?’ ಎನ್ನುತ್ತಾರೆ. ಇಲ್ಲ ಎಂದರೆ ಇನ್ನೊಂದು ಸಲ ಹಾಕುತ್ತಾರೆ. ಹೌದು ಎಂದರೆ, ‘ಎಲ್ಲಿ ಗೊತ್ತಾಯ್ತು, ತೋರಿಸು’ ಎಂದು ಇನ್ನೊಂದು ಸಲ ಹಾಕುತ್ತಾರೆ.

ಪಂಚಾಯ್ತಿ ಸದಸ್ಯರಿಗೆ ಹಾಕಿದ್ದಾರೆ. ನಾಟಿ ಔಷಧಿಯ ಸ್ವಾಮಿಗಳಿಗೆ ಹಾಕಿದ್ದಾರೆ. ಮಗಳ ಸಂಬಂಧ ನೋಡಲು ತುರುವೇಕೆರೆಯಿಂದ ಬಂದವರಿಗೂ ಹಾಕಿ, ಹುಡುಗನ ಸೋದರಮಾವ ‘ಎರಡೂ ಒಂದೇ ಅಲ್ವೇ?’ ಎಂದದ್ದಕ್ಕೆ ಆ ಮನೆತನದ ಬಗ್ಗೆ ಅನುಮಾನ ತಾಳಿದ್ದರು. (ಮದುವೆ ಆಯಿತು. ಸೋದರಮಾವನಿಗೆ ಇನ್ನೂ ಕ್ಷಮೆ ಸಿಕ್ಕಿಲ್ಲ.) ನಮ್ಮಲ್ಲಿ ಯಾರಿಗೂ ಆ ವ್ಯತ್ಯಾಸ ಕಿವಿಗೆ ಬೀಳಲೇ ಇಲ್ಲ. ಅದೊಂದು ಕಲ್ಪನೆ ಎಂದೇ ಊರು ತೀರ್ಮಾನ ಮಾಡಿತ್ತು.

ಒಂದು ದಿನ ನಾನು ಅದೇ ಶಿಕ್ಷೆ ಅನುಭವಿಸುತ್ತಿರುವಾಗ ಹಿತ್ತಲಲ್ಲಿ ಕಾಯಿ ಸುಲಿಯುವವನು ಕೂತಿದ್ದ. ಅವನ ಕೆಲಸ ನೋಡಬೇಕು. ಅಟ್ಟದಿಂದ ಇಳಿಸಿದ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸುತ್ತಾನೆ. ಒಳಗೆ ಲೊಡಕ್ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು. ಇಲ್ಲದಿದ್ದರೆ ಪಕ್ಕಕ್ಕೆ, ಅದು ಮತ್ತೆ ಅಟ್ಟಕ್ಕೆ. ಆತುರ ಬಿದ್ದು ಒಡೆದರೆ ಉಂಡೆ ಹೋಗಿ ಚೂರಾಗುತ್ತದೆ, ರೇಟೂ ಹೋಗುತ್ತದೆ. ಶನಿವಾರ ರಾತ್ರಿ ಭಜನೆ ಮಂಡಳಿಯಲ್ಲಿ ಡೋಲಕಿ ಬಾರಿಸುವವನೂ ಅವನೇ. ಎರಡನೆಯ ರೆಕಾರ್ಡು ಶುರುವಾದದ್ದೇ ತಡ, ಕಿಟಕಿಯ ಆಚೆಯಿಂದ, ‘ಯಾಕ್ ಯಜಮಾನ್ರೇ, ಈಗ ಒಸಿ ಶ್ರುತಿ ಇಳಿಸ್ಕಂಡ್ರಲ್ಲ?’ ಅಂದ.

ಭಾವ ಮುಳ್ಳು ಎತ್ತುವುದನ್ನೇ ಮರೆತರು. ಆಮೇಲೆ ಅವನನ್ನು ಒಳಗೆ ಕರೆದು ಕುರ್ಚಿ ಹಾಕಿಸಿ, ನನ್ನ ಪಾಲಿನ ಚಕ್ಕುಲಿ ತಟ್ಟೆಯನ್ನು ಅವನ ಮುಂದಿಟ್ಟರು. ಕಡಿದರೂ ಏನೂ ಅನ್ನಲಿಲ್ಲ.

ಭಾವನಂಥವರ ತಳಿ ಜಾಝಿನಲ್ಲಿ ಮಾತ್ರ ಬೆಳೆಯುವುದಲ್ಲ. ತಿಂಗಳಿಗೊಂದು ಭಾನುವಾರ ಭಾವನ ಮನೆಯಲ್ಲಿ ಸುತ್ತಿನ ಪ್ಲೇಟಿನವರೆಲ್ಲ ಸೇರುತ್ತಾರೆ, ಆಗ ನೋಡಬೇಕು. ತಿಪಟೂರಿನ ನಿವೃತ್ತ ಮೇಷ್ಟ್ರದು ಕಂಪನಿ ನಾಟಕದ ಹಳೆಯ 78 ಆರ್‌ಪಿಎಂ ಪ್ಲೇಟುಗಳು. ಮೂರು ನಿಮಿಷಕ್ಕೊಂದು ಮಗ್ಗುಲು, ಮಗ್ಗುಲಿಗೊಂದು ಹೊಸ ಉಕ್ಕಿನ ಮುಳ್ಳು. ಹಾಡಿಗಿಂತ ಕರಕರ ಸದ್ದು ಜಾಸ್ತಿ. ಆದರೆ ಗುಬ್ಬಿ ವೀರಣ್ಣನವರ ಕಂಪನಿಯ ಹೆಸರೆತ್ತಿದರೆ ಅವರು ಕೂತಲ್ಲೇ ನೆಟ್ಟಗಾಗುತ್ತಾರೆ, ನಮ್ಮ ತಿಪಟೂರಿನ ನರಸಿಂಹರಾಜು ಆ ಕಂಪನಿಯಲ್ಲಿ ಪಳಗಿದವರು ಎಂಬುದನ್ನು ಹೊಸದಾಗಿ ಹೇಳುತ್ತಾರೆ. ಚಿಕ್ಕನಾಯಕನಹಳ್ಳಿಯ ಬಟ್ಟೆ ಅಂಗಡಿಯವರದು ಸಿನಿಮಾ: ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಅಷ್ಟೆ. ತುರುವೇಕೆರೆಯ ಇನ್ನೊಬ್ಬರಿಗೆ ಶುದ್ಧ ಕರ್ನಾಟಕ ಸಂಗೀತ ಬಿಟ್ಟರೆ ಉಳಿದದ್ದೆಲ್ಲ ಗಲಾಟೆ. ಹಂಚಿಕೊಳ್ಳುವುದು ಎಂದು ಹೆಸರು. ನಡೆಯುವುದು ಸರದಿ ಕಾಯುವುದು. ಮೇಷ್ಟ್ರ ಪ್ಲೇಟು ಓಡುತ್ತಿರುವಾಗ ಬಟ್ಟೆ ಅಂಗಡಿಯವರು ಚೀಲದಲ್ಲಿ ತಮ್ಮದನ್ನು ತಡವುತ್ತಿರುತ್ತಾರೆ, ಅವರದು ಓಡುವಾಗ ಭಾವ ಗಡಿಯಾರ ನೋಡುತ್ತಾರೆ.

ಇವರೆಲ್ಲ ರಾಜಿಯಾಗುವುದು ಕದ್ರಿ ಗೋಪಾಲನಾಥರ ಹೆಸರಿನಲ್ಲಿ ಮಾತ್ರ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗ ಅದರಲ್ಲಿ ಕೀರ್ತನೆ ನುಡಿಸಿದ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅದನ್ನು ಕೇಳಿ, ಜೊತೆಗೆ ನುಡಿಸುತ್ತೇನೆ ಎಂದು ವೇದಿಕೆ ಹತ್ತಿದ. ತುರುವೇಕೆರೆಯವರಿಗೆ ಕೀರ್ತನೆ ಸಿಕ್ಕಿತು, ಭಾವನಿಗೆ ಸ್ಯಾಕ್ಸಫೋನ್ ಸಿಕ್ಕಿತು. ಈ ಶಾಂತಿಯಲ್ಲಿ ಭಾವ ಮೆಲ್ಲಗೆ ‘ಜ್ಯೋತಿ’ ಎಂಬ ರೆಕಾರ್ಡನ್ನು ತೂರಿಸುತ್ತಾರೆ. ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜಿನವರ ಜೊತೆ ಸ್ಯಾಕ್ಸಫೋನಿನ ಚಾರ್ಲಿ ಮರಿಯಾನೊ ನುಡಿಸಿದ್ದು, ಆರ್.ಎ. ರಮಾಮಣಿಯವರ ಹಾಡಿಕೆ ಇದೆ, 1983ರಲ್ಲಿ ಜರ್ಮನಿಯ ಕಂಪನಿ ಹೊರತಂದದ್ದು. ‘ನಮ್ಮೋರದ್ದೇ ಕಣಯ್ಯಾ, ನಮ್ಮೋರದ್ದೇ!’ ನನಗೂ ಆ ರೆಕಾರ್ಡು ಇಷ್ಟ. ಆದರೆ ಹಾಗೆಂದು ಬಾಯಿಬಿಟ್ಟರೆ ಮರುದಿನ ಬೆಳಿಗ್ಗೆ ಅದರ ಎರಡನೆಯ ಮಗ್ಗುಲಿಗೆ ಕರೆ ಬರುತ್ತದೆ.

ದುಡ್ಡಿನ ಮಾತು ಬಂದಾಗ ಭಾವ ಮೈಸೂರು ಮಹಾರಾಜರ ಹಿಂದೆ ಅವಿತುಕೊಳ್ಳುತ್ತಾರೆ. ಜಯಚಾಮರಾಜ ಒಡೆಯರಿಗೂ ಪ್ಲೇಟಿನ ಹುಚ್ಚಿತ್ತು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ ಮೂಲೆಗೆ ಬಿದ್ದಿದ್ದಾಗ, 1940ರ ದಶಕದ ಕೊನೆಗೆ ತಾವೇ ಹಣ ಕೊಟ್ಟು ಅವನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಿದರು. ‘ಆ ಮಹಾರಾಜರನ್ನ ಯಾರಾದ್ರೂ ಎಷ್ಟಾಯ್ತು ಅಂತ ಕೇಳಿದ್ರಾ?’ ಎನ್ನುತ್ತಾರೆ ಭಾವ. ‘ಅವರಿಗೆ ಚಾಮುಂಡಿಬೆಟ್ಟ ಇತ್ತು. ನಿಮಗೆ ನುಸಿ ಹಿಡಿದ ಎರಡೆಕರೆ ಐತೆ’ ಎಂದು ಅಕ್ಕ ಒಳಗಿನಿಂದಲೇ ಲೆಕ್ಕ ಚುಕ್ತಾ ಮಾಡುತ್ತಾರೆ. ಹಾಗೆಂದು, ಮಳೆಗಾಲದಲ್ಲಿ ಸೂರು ಸೋರಿದಾಗ ಅಕ್ಕ ಮೊದಲು ಟಾರ್ಪಾಲು ಹೊದಿಸಿದ್ದು ರೆಕಾರ್ಡಿನ ಬೀರುವಿಗೆ. ಕೊಬ್ಬರಿಗೆ ಆಮೇಲೆ.

ಒಂದು ಸಂಜೆ ಜಾನ್ ಕೋಲ್ಟ್ರೇನನ ‘ಎ ಲವ್ ಸುಪ್ರೀಮ್’ ಹಾಕಿದ್ದರು. 1964ರ ಡಿಸೆಂಬರಿನಲ್ಲಿ ರೆಕಾರ್ಡಾದ, ದೇವರಿಗೇ ಅರ್ಪಿಸಿದ ನಾಲ್ಕು ಭಾಗದ ಸಂಗೀತ. ಅವನೇ ಬರೆದ ಪ್ರಾರ್ಥನೆ ಕವರಿನೊಳಗೆ ಅಚ್ಚಾಗಿದೆ. ಕೊನೆಯ ಭಾಗ ನಡೆಯುತ್ತಿರುವಾಗ ಕರೆಂಟು ಹೋಯಿತು. ಸ್ಯಾಕ್ಸಫೋನು ಜಾರಿ, ಮಂದ್ರದಲ್ಲಿ ಒಮ್ಮೆ ನರಳಿ ನಿಂತಿತು. ಬಿಡುಗಡೆಯಾಯಿತೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ‘ಕೂತ್ಕೊಳಯ್ಯ, ಕಿವಿ ಹತ್ರ ತಾ’ ಎಂದರು. ಕತ್ತಲಲ್ಲಿ ಬೆರಳಿನಿಂದ ತಟ್ಟೆಯನ್ನು ಸಮನಾಗಿ ತಿರುಗಿಸತೊಡಗಿದರು. ಸ್ಪೀಕರು ಸತ್ತಿದ್ದರೂ ಮುಳ್ಳು ಗೀರಿನಲ್ಲಿ ಅದುರುವುದು ನಿಲ್ಲುವುದಿಲ್ಲ. ಕಿವಿ ಇಟ್ಟರೆ ಆ ಮುಳ್ಳಿನಿಂದಲೇ ಸೊಳ್ಳೆಗಾತ್ರದ ಸ್ಯಾಕ್ಸಫೋನು ಕೇಳಿಸುತ್ತಿತ್ತು. ನನ್ನ ಮುಖ ಕಾಣದ್ದರಿಂದಲೋ ಏನೋ, ಆವತ್ತು ಅವರೂ ಸುಮ್ಮನೆ ಕೇಳಿದರು. ಮಗ ಅಮೆರಿಕದಲ್ಲಿದ್ದಾನೆ, ಈ ಸಂಗೀತ ಹುಟ್ಟಿದ ಊರುಗಳ ಪಕ್ಕದಲ್ಲೇ. ಫೋನಿನಲ್ಲಿ ‘ಅದೆಲ್ಲಾ ಈಗ ಮೊಬೈಲಲ್ಲೇ ಬರುತ್ತಪ್ಪಾ’ ಎನ್ನುತ್ತಾನಂತೆ. ‘ಬರುತ್ತೆ’ ಎಂದರು ಭಾವ, ‘ಬಂದಾಗ ಪಕ್ಕದಲ್ಲಿ ಯಾರಿರ್ತಾರೆ?’ ನಾನು ಏನೋ ತಮಾಷೆ ಮಾಡಬೇಕೆಂದಿದ್ದೆ, ಹೊಳೆಯಲಿಲ್ಲ.

ರೆಕಾರ್ಡುಗಳನ್ನು ಮನೆಗೂ ಕೊಡುತ್ತಾರೆ. ಹಾಗಂತ ಕೈಗೆ ಬಂದಂತೆ ಅಲ್ಲ, ಬ್ಯಾಂಕಿನವರಲ್ಲವೇ, ಲೆಡ್ಜರ್ ಇದೆ. ತಾರೀಕು, ಹೆಸರು, ರೆಕಾರ್ಡು, ವಾಪಸಾದ ದಿನ, ಸಹಿ. ಕೊನೆಯ ಕಾಲಂ ‘ಅಭಿಪ್ರಾಯ’. ನನ್ನ ಮನೆಯಲ್ಲಿ ಪ್ಲೇಟು ಹಾಕುವ ಯಂತ್ರವೇ ಇಲ್ಲ ಎಂಬುದನ್ನು ಅವರು ಆಕ್ಷೇಪಣೆಯಾಗಿ ಪರಿಗಣಿಸುವುದಿಲ್ಲ. ‘ಚೆನ್ನಾಗಿದೆ’ ಎಂದು ಬರೆದರೆ ತೆಗೆದುಕೊಳ್ಳುವುದಿಲ್ಲ. ಕವರಿನ ಹಿಂಬದಿ ಓದಿ ಅರ್ಧ ಪುಟ ತುಂಬಿಸುವ ಕಲೆ ನನಗೆ ಕೈಗೂಡಿದೆ. ಅಲ್ಲಿ ಇಲ್ಲಿ ‘ಆಳ’, ‘ವಿಷಾದ’ ಸೇರಿಸುತ್ತೇನೆ.

ಮೊನ್ನೆ ಲೆಡ್ಜರ್ ತಿರುವುತ್ತಿದ್ದಾಗ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಒಂದು ಅಭಿಪ್ರಾಯ ಕಣ್ಣಿಗೆ ಬಿತ್ತು. ಡೇವ್ ಬ್ರೂಬೆಕ್‌ನ ‘ಟೇಕ್ ಫೈವ್’ ಬಗ್ಗೆ, ಐದೈದು ಎಣಿಕೆಯ ತಾಳದ್ದು, ಕಾಯಿ ಸುಲಿಯುವವನು ಹೇಳಿದ್ದನ್ನು ಭಾವ ಬರೆದುಕೊಂಡಿದ್ದರು: ‘ಡ್ರಮ್ಮಿನೋನು ಎಲ್ಲೆಲ್ಲೋ ಹೋಗಿ ಬಂದ್ರೂ ತಕಿಟ ತಕ ಬಿಡ್ಲಿಲ್ಲ. ಪಿಯಾನೋದೋನು ಅಷ್ಟೊತ್ತೂ ಒಂದೇ ಮಾತು ಹೇಳ್ತಾ ಕೂತವ್ನೆ, ಅವನಿಗೆ ಬೇಜಾರಾಗಲ್ವೇ?’ ನನ್ನ ಅರ್ಧ ಪುಟಗಳ ಎದುರು ಪೆನ್ಸಿಲಿನ ಟಿಕ್ ಮಾತ್ರ ಇತ್ತು.

ಆ ಹೊತ್ತಿಗೆ ಅವನು ಸುಲಿದು ಮುಗಿಸಿ ಒಳಗೆ ಬಂದ. ಭಾವ ಕುಂಚ ಕೈಯಲ್ಲಿ ಹಿಡಿದು, ‘ಇವತ್ತು ಯಾವುದು ಹಾಕೋಣಪ್ಪಾ?’ ಎಂದು ಅವನನ್ನು ಕೇಳಿದರು. ಇಷ್ಟು ವರ್ಷದಲ್ಲಿ ಆ ಮಾತನ್ನು ನನಗೆ ಒಮ್ಮೆಯೂ ಕೇಳಿದ್ದಿಲ್ಲ.

‘ಮೊದ್ಲು ಕೂಲಿ ಕೊಡಿ ಯಜಮಾನ್ರೇ’ ಎಂದ ಅವನು, ‘ಆಮೇಲೆ ಆ ಐದರ ತಾಳದ್ದು ಹಾಕಿ.’